ಕಿರುಬೆರಳು ಬಿಟ್ಟ ಜಾಗ

ಜುಲೈ ೭, ಸೋಮವಾರ

ಇವತ್ತು ನಮ್ಮನೆಯವರು ಮಧ್ಯಾಹ್ನ ಹನ್ನೆರಡಕ್ಕೇ ಮನೆಗೆ ಬಂದರು. ಇಪ್ಪತ್ತಾರು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುವ ಮನುಷ್ಯ. ಮೈ ಸುಡುವ ಜ್ವರ ಬಂದರೂ ಐದೂವರೆಗಿಂತ ಮುಂಚೆ ಕುರ್ಚಿ ಬಿಟ್ಟವರಲ್ಲ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, "ನೋಡೇ, ನಾನೊಂದು ತಪ್ಪು ಮಾಡ್ಬಿಟ್ಟೆ," ಅಂದರು.

ತಂಗಿಯ ಹೊಸ ನೃತ್ಯನಾಟಕದ ಪೋಸ್ಟರು ಅವರ ಮೇಜಿಗೇ ಬಂದಿತ್ತಂತೆ. 'ದೋಣಿ ಕಟ್ಟುವವಳು' ಅಂತ ದೊಡ್ಡ ಅಕ್ಷರ, ಕೆಳಗೆ ನಿರ್ದೇಶನ ಅಂತ ತಂಗಿಯ ಹೆಸರು, ಅದರ ಕೆಳಗೆ ಸಂಗೀತ ಸಂಯೋಜನೆ ಅಂತ ಅವಳ ತಂಡದಲ್ಲಿ ಕೀಬೋರ್ಡು ನುಡಿಸುವವನ ಹೆಸರು. ಇವರು ಹಿಂದೆಮುಂದೆ ನೋಡದೆ ಅವನ ಹೆಸರಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದು ಕಳಿಸಿದ್ದಾರೆ. ಪಾಪ, ಅಕ್ಷರ ಜೋಡಿಸಿದವರ ತಪ್ಪು ಅಂದುಕೊಂಡಿದ್ದಾರೆ. ಅರ್ಧ ಗಂಟೆಯಲ್ಲಿ ಮಾಲೀಕರು ಕರೆದು ಎಲ್ಲರೆದುರಿಗೆ ಉಗಿದರಂತೆ. "ಗಿರಾಕಿಗೆ ಫೋನ್ ಮಾಡಿ ಕೇಳಿದ್ದೀನಿ. ಕೊಟ್ಟಿರೋದೇ ಸರಿಯಂತೆ. ಹೆಂಡ್ತಿ ಹೆಸರು ಹಾಕ್ಕೊಳ್ಳೋಕೆ ಇದೇನು ನಿಮ್ಮನೆ ಮದುವೆ ಕಾಗದಾನಾ?"

"ಗಿರಾಕಿ ಅಂದ್ರೆ ಯಾರ್ರೀ?" ಅಂದೆ.

"ನಿನ್ ತಂಗೀನೇ ಕಣೇ. ಫೋನ್ ತಗೊಂಡಿದ್ದು ಅವಳೇ."

ನಾನು ನಗಲು ಹೋದೆ. ನಗು ಬರಲಿಲ್ಲ. ಜನವರಿಯಿಂದ ಮೇವರೆಗೆ ಐದು ತಿಂಗಳು ಆ ನಾಟಕಕ್ಕೆ ಒಂದೊಂದೇ ಸಾಲು ಕಟ್ಟಿದ್ದೇನೆ. ಅವಳು ಕೋಲು ಹಿಡಿದು ನಿಲ್ಲುವುದು, ನಾನು ಕುರ್ಚಿಯಲ್ಲಿ ಪಿಟೀಲು ಹಿಡಿದು ಕೂರುವುದು, ಅವಳ ಕಾಲು ನೋಡುತ್ತ ನುಡಿಸುವುದು. ಪ್ರತಿ ಸಾಲು ಮುಗಿದಾಗ ಅವಳು ಕೋಲಿನಿಂದ ನೆಲಕ್ಕೆ ನಾಲ್ಕು ಏಟು ಹಾಕುತ್ತಾಳೆ, ಕುಣಿಯುವವರು ತಿರುಗಿ ನಿಲ್ಲಲಿ ಅಂತ. ಆ ನಾಲ್ಕು ಏಟಿಗೆ ನಾನು ಜಾಗ ಬಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ನಾಟಕಕ್ಕೆ, ಎರಡು ಸಿನಿಮಾಕ್ಕೆ, ಗೊಂಬೆಯಾಟಕ್ಕೆ ಕೂಡ ಸಂಗೀತ ಮಾಡಿಕೊಟ್ಟಿದ್ದೇನೆ, ಆದರೆ ಸಂಗೀತ ಕಟ್ಟುವುದನ್ನು ಮೊದಲು ಕಲಿತದ್ದು ಅವಳ ಕಾಲಿನ ಮುಂದೆ. ಒಂದು ಸ್ವರವನ್ನೂ ಕಾಗದದ ಮೇಲೆ ಬರೆದವಳಲ್ಲ ನಾನು. ಎಲ್ಲ ಅವಳ ಫೋನಿನಲ್ಲಿದೆ.

ಏನೋ ಎಡವಟ್ಟಾಗಿದೆ. ನಾಡಿದ್ದು ಹೋಗಿ ಕೇಳುತ್ತೇನೆ.

ಜುಲೈ ೯, ಬುಧವಾರ

ಎಡವಟ್ಟು ಏನೂ ಇಲ್ಲ. ಬೇಕಂತಲೇ ಮಾಡಿದ್ದಾಳೆ.

ಅಭ್ಯಾಸದ ಕೋಣೆ ಟೈರು ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿದೆ. ಹೋದಾಗ ಹೊಸ ರಬ್ಬರಿನ ವಾಸನೆ, ಮೂಲೆ ಒಡೆದ ಕನ್ನಡಿ, ಬೆವರು, ಎಲ್ಲ ಎಂದಿನಂತೆಯೇ ಇತ್ತು. ಅವಳು ನನ್ನನ್ನು ನೋಡಿದ್ದೇ ಕೋಲನ್ನು ಗೋಡೆಗೆ ಒರಗಿಸಿ, ಮೆಟ್ಟಿಲಿಗೆ ಕರೆದುಕೊಂಡು ಬಂದು ಕಬ್ಬಿಣದ ಬಾಗಿಲು ಮುಂದೆ ಮಾಡಿದಳು. ಆ ಬಾಗಿಲು ಮುಚ್ಚುವಾಗ ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು.

"ಪೋಸ್ಟರಲ್ಲಿ ನನ್ ಹೆಸರಿಲ್ಲ," ಅಂದೆ.

"ಗೊತ್ತು ಅಕ್ಕ. ನಾನೇ ಬಂದು ಹೇಳೋಣ ಅಂತಿದ್ದೆ."

"ಯಾವಾಗ? ಊರ್ ಗೋಡೆಗೆಲ್ಲ ಅಂಟಿಸಿದ್ಮೇಲಾ?"

"ಸ್ವಲ್ಪ ಕೇಳು. ನಾಟಕದ ಪ್ರವಾಸ ಏರ್ಪಡಿಸೋರು, ಸಂಯೋಜಕರೇ ಬಂದು ವೇದಿಕೆ ಮೇಲೆ ನುಡಿಸ್ಬೇಕು ಅಂದ್ರು. ಹನ್ನೊಂದು ಊರು. ನಿನ್ನ ಮೂರು ಸಲ ಕೇಳ್ದೆ. ಒಂದ್ಸಲ ನೆಗಡಿ ಅಂದೆ. ಒಂದ್ಸಲ ಕಛೇರಿ ಇದೆ ಅಂದೆ. ಮೂರನೇ ಸಲ ಫೋನೇ ಎತ್ಲಿಲ್ಲ. ನಾನೇನ್ ಮಾಡ್ಲಿ? ನಿನ್ನ ಬೆರಳಿನ ವಿಷಯ ಅವರಿಗೆ ಹೇಳ್ಲಾ?"

"ಹೇಳ್ಬೇಡ."

"ಮತ್ತೆ? ನಿನ್ನ ಗುಟ್ಟು ಉಳಿಸೋಕೇ ಅಕ್ಕ ನಾನು ಹೀಗ್ ಮಾಡಿದ್ದು."

ಆಹಾ! ನನ್ನ ಹೆಸರು ಅಳಿಸಿದ್ದು ನನಗೇ ಉಪಕಾರವಂತೆ. ಮೈಯೆಲ್ಲ ಉರಿದುಹೋಯಿತು. "ಸಂಗೀತ ನಂದು ಅಂತ ನಾನೇ ಎಲ್ಲರ ಮುಂದೆ ಹೇಳಿದ್ರೆ?" ಅಂದೆ.

ಅವಳು ನನ್ನ ಎಡಗೈ ನೋಡಿದಳು. ಆಮೇಲೆ ಮೆತ್ತಗೆ, "ಹೇಗ್ ಹೇಳ್ತೀಯಾ ಅಕ್ಕ?" ಅಂದಳು.

ಅಷ್ಟು ಲೆಕ್ಕ ಹಾಕಿದ್ದಾಳೆ. ಅಕ್ಕ ಬಾಯಿ ಬಿಡುವುದಿಲ್ಲ, ಬಿಟ್ಟರೆ ಬೆರಳು ಬಯಲಾಗುತ್ತದೆ, ಬಯಲಾದರೆ ಸೆಪ್ಟೆಂಬರ್ ಹದಿನಾಲ್ಕರ ನನ್ನ ಪಿಟೀಲು ಕಛೇರಿ ಕೈತಪ್ಪುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ. ಇದೆಲ್ಲ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಎತ್ತಿ ಆಡಿಸಿದ ತಂಗಿ. ಇನ್ನು ಮೇಲೆ ಈ ಪುಸ್ತಕದಲ್ಲಿ ಅವಳನ್ನು ತಂಗಿ ಅಂತ ಬರೆಯುವುದಿಲ್ಲ. ನಿರ್ದೇಶಕಿ ಅಂತಲೇ ಬರೆಯುತ್ತೇನೆ. ಪೋಸ್ಟರಿನಲ್ಲಿ ಹಾಗೇ ಇದೆಯಲ್ಲ.

ಜುಲೈ ೧೦, ಗುರುವಾರ

ಬೆರಳಿನ ವಿಷಯ ಇಲ್ಲಿಯೂ ಬರೆದಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅಂತ ಭಯವಿತ್ತೇನೋ. ಹಾಳಾಗಲಿ, ಬರೆದುಬಿಡುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಅದೇ ಕಬ್ಬಿಣದ ಬಾಗಿಲಿಗೆ ನನ್ನ ಎಡಗೈ ಕಿರುಬೆರಳು ಸಿಕ್ಕಿತು. ನಾನು ಚೌಕಟ್ಟು ಹಿಡಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ನಿರ್ದೇಶಕಿ ಫೋನಿನಲ್ಲಿ ಯಾರ ಮೇಲೋ ಕೂಗಾಡುತ್ತ ಬಂದು ಬಾಗಿಲನ್ನು ರಪ್ಪನೆ ಎಳೆದಳು. ಮೂಳೆ ಕೂಡಿತು, ಆದರೆ ನಡುವಿನ ಗೆಣ್ಣು ಊದಿಕೊಂಡೇ ಇದೆ, ಮಡಚುವುದಿಲ್ಲ. ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಆಸ್ಪತ್ರೆಯ ಓಣಿಯಲ್ಲಿ ಕೂತು ಅವಳು ಗೊಳೋ ಅಂತ ಅತ್ತಳು. "ಅಕ್ಕ, ನಾನು ಹಾಕಿದ್ದು ಅಂತ ಯಾರಿಗೂ ಹೇಳ್ಬೇಡ. ಅಕ್ಕನ ಬೆರಳು ಮುರಿದವಳು ಅಂತ ಜನ ಜೀವಮಾನವೆಲ್ಲ ಆಡ್ಕೋತಾರೆ." ನಾನು ಬಾಯಿಗೆ ಬೀಗ ಹಾಕಿದೆ. ನಮ್ಮನೆಯವರಿಗೂ 'ಗಾಳಿಗೆ ಬಾಗಿಲು ಹಾಕ್ಕೊಂಡ್ತು' ಅಂದೆ.

ಅಲ್ಲಿಂದ ಈಚೆಗೆ ಆರು ಕಛೇರಿಗಳನ್ನು ಮೂರೇ ಬೆರಳಲ್ಲಿ ದಾಟಿಸಿದ್ದೇನೆ. ಕಿರುಬೆರಳು ಬೇಕಾದ ಕಡೆ ಸುತ್ತುಬಳಸಿ ಹೋಗುವುದು, ಇಲ್ಲವೇ ಜಾರಿಸುವುದು. ಪತ್ರಿಕೆಯವನೊಬ್ಬ 'ಇವರ ವಾದನದಲ್ಲಿ ಹೊಸ ಸಂಯಮ ಕಾಣುತ್ತಿದೆ' ಅಂತ ಬರೆದ. ಸಂಯಮವಂತೆ! ಊತ ಕಣಪ್ಪಾ, ಊತ.

ಇನ್ನೊಂದೆರಡು ತಿಂಗಳಲ್ಲಿ ಸರಿಹೋಗುತ್ತದೆ. ದಿನಾ ಬಿಸಿನೀರಲ್ಲಿ ಅದ್ದುತ್ತಿದ್ದೇನೆ. ಸೆಪ್ಟೆಂಬರ್ ಹದಿನಾಲ್ಕರ ಹೊತ್ತಿಗೆ ಯಾರಿಗೂ ಗೊತ್ತಾಗದ ಹಾಗೆ ಆಗಿಬಿಡುತ್ತದೆ.

ಜುಲೈ ೧೩, ಭಾನುವಾರ

ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಪಾಠಕ್ಕೆ ಬಂದಿದ್ದರು. ನಲವತ್ತೈದು ದಾಟಿದ ಮೇಲೆ ಪಿಟೀಲು ಹಿಡಿದ ಹೆಂಗಸು. ಕಮಾನು ಹಿಡಿಯುವುದು ಇಕ್ಕಳ ಹಿಡಿದ ಹಾಗೆ. ಅವರ ಶ್ರುತಿ ಕೇಳಿದರೆ ನನ್ನ ಹಲ್ಲೇ ನೋಯುತ್ತದೆ.

"ಕಿರುಬೆರಳು! ಕಿರುಬೆರಳು ಹಾಕಿ! ಅದನ್ನೇನು ಟೀ ಕುಡಿಯೋಕೆ ಇಟ್ಕೊಂಡಿದೀರಾ?" ಅಂತ ಕೂಗಿದೆ. ಅವರು ಬೆಚ್ಚಿ ಹಾಕಿದರು. ಅವರದು ಎಷ್ಟು ಸಲೀಸಾಗಿ ಮಡಚಿತು ಅಂದರೆ ನನಗೆ ಹೊಟ್ಟೆ ಉರಿಯಿತು. ನನ್ನ ಕೈ ಸೆರಗಿನೊಳಗಿತ್ತು. ಪಾಠ ಬೇಗ ಮುಗಿಸಿದೆ.

ಜುಲೈ ೧೯, ಶನಿವಾರ

ನಮ್ಮನೆಯವರ ಕಾಟ ತಾಳಲಾರದೆ ಪ್ರವಾಸದ ಮ್ಯಾನೇಜರ್ ಹತ್ತಿರ ಹೋಗಿ ಬಂದೆ. ಒಳ್ಳೆಯ ಹೆಂಗಸು. ಕನ್ನಡಕ ತಲೆಯ ಮೇಲೆ ಇಟ್ಟುಕೊಂಡು ಇಡೀ ಕೋಣೆಯಲ್ಲಿ ಕನ್ನಡಕ ಹುಡುಕುತ್ತಿದ್ದರು. ಸಂಗೀತ ನನ್ನದು ಅಂದೆ. ಅವರು ತಾಳ್ಮೆಯಿಂದ ಕೇಳಿದರು.

"ಬರೆದಿದ್ದು ಏನಾದ್ರೂ ಇದ್ಯಾ ಮೇಡಂ?"

"ನಾನು ಬರೆಯಲ್ಲ."

"ರೆಕಾರ್ಡಿಂಗು?"

"ನಿರ್ದೇಶಕಿ ಹತ್ರ ಇದೆ."

"ಅದನ್ನ ನಾನೂ ಕೇಳಿದೀನಿ. ನುಡಿಸಿರೋದು ನೀವೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವರು ಏನಂದ್ರು ಅಂದ್ರೆ..." ಕೊನೆಗೂ ಕೈಗೆ ಸಿಕ್ಕ ಕನ್ನಡಕ ಒರೆಸಿದರು. "ಅಕ್ಕ ಬರೀ ನುಡಿಸಿಕೊಟ್ರು, ಕಟ್ಟಿದ್ದು ಅವನು, ಅಂದ್ರು."

ಬರೀ ನುಡಿಸಿಕೊಟ್ಟಳಂತೆ. ಐದು ತಿಂಗಳು! 'ಇಲ್ಲಿ ನಿಲ್ಲು', 'ಇಲ್ಲಿ ಇನ್ನೊಮ್ಮೆ', 'ಅಕ್ಕ, ಈ ಸಾಲಿಗೆ ನನ್ನ ಕಣ್ಣಲ್ಲಿ ನೀರು ಬಂತು ನೋಡು' ಅಂದವಳು ಇವಳೇನಾ? ನಾನು ಸಾಕಿದ ನಾಯಿ ಕಚ್ಚಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಜುಲೈ ೨೦, ಭಾನುವಾರ

ಡಾಕ್ಟರಮ್ಮನಿಗೆ ಬರಬೇಡಿ ಅಂದೆ. ಪಿಟೀಲಿನ ಪೆಟ್ಟಿಗೆ ತೆಗೆಯಲಿಲ್ಲ.

ಜುಲೈ ೨೧, ಸೋಮವಾರ

ಇವತ್ತೂ ತೆಗೆಯಲಿಲ್ಲ.

ಜುಲೈ ೨೭, ಭಾನುವಾರ

ಸಂಜೆ ನಾಲ್ಕಕ್ಕೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಕೀಬೋರ್ಡಿನವನು! ನಾನು ಮನಸ್ಸಿನಲ್ಲೇ 'ಹತ್ತುಬೆರಳು' ಅಂತ ಹೆಸರಿಟ್ಟಿರುವ ಮಹಾಶಯ. ಕೈಯಲ್ಲಿ ಹಣ್ಣಿನ ಚೀಲ ಬೇರೆ. ಮುಖಕ್ಕೆ ಬಾಗಿಲು ಹಾಕೋಣ ಅಂದುಕೊಂಡೆ, ಆದರೆ ಬಾಗಿಲು ರಪ್ಪನೆ ಹಾಕುವುದು ಈಗ ನನ್ನ ಕೈಲಾಗುವುದಿಲ್ಲ.

"ಮೇಡಂ, ನಿಮಗೆ ಬೇಜಾರಾಗಿದೆ ಅಂತ ಮ್ಯಾನೇಜರ್ ಹೇಳಿದ್ರು. ನನಗೇನೂ ಅರ್ಥ ಆಗ್ತಿಲ್ಲ. ನೀವೇ ಒಪ್ಪಿದೀರಿ ಅಂದ್ರಲ್ಲ?"

"ಯಾರು?"

"ನಿಮ್ಮ ತಂಗಿಯವರು. ಅಕ್ಕನಿಗೆ ಹೆಸರಿನ ಆಸೆ ಇಲ್ಲ, ನೀನು ಹಾಕ್ಕೋ, ನಮಗೆ ವೇದಿಕೆ ಮೇಲೆ ಒಬ್ರು ಬೇಕು, ಅಂದ್ರು. ನಾನು ಎರಡು ಸಲ ಕೇಳ್ದೆ ಮೇಡಂ."

ಅವನ ಮುಖ ನೋಡಿದರೆ ಸುಳ್ಳು ಹೇಳುವವನ ಮುಖವಲ್ಲ. ಇವನ ಕಿವಿಗೂ ಹೂ ಇಟ್ಟಿದ್ದಾಳೆ. ಬಯ್ಯಲು ಎದುರಿಗೆ ಯಾರೂ ಇಲ್ಲದ ಹಾಗಾಗಿ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಅವನು ಫೋನು ತೆಗೆದು, "ಒಂದ್ಸಲ ಕೇಳಿ ಮೇಡಂ, ಏನಾದ್ರೂ ಕೆಡಿಸಿದ್ರೆ ಹೇಳಿ," ಅಂದ. ಕೇಳಿದೆ. ನನ್ನ ಪಿಟೀಲಿನ ಸಾಲುಗಳ ಕೆಳಗೆ ಅವನ ಕೀಬೋರ್ಡು. ಚೆನ್ನಾಗಿಯೇ ಮಾಡಿದ್ದಾನೆ, ಹಾಳಾದವನು. ಆದರೆ ನಾಟಕದ ಹೆಂಗಸು ದಡದಿಂದ ದೋಣಿಗೆ ಕಾಲಿಡುವ ಜಾಗ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಇದೇನಿದು?"

"ಅಲ್ಲೊಂದು ಸ್ವರ ಬಿಟ್ಟೋಗಿತ್ತು ಮೇಡಂ. ರೆಕಾರ್ಡಿಂಗ್‌ನಲ್ಲಿ ತಪ್ಪಾಗಿದೆ ಅಂತ ನಾನೇ ತುಂಬಿಸಿದೀನಿ. ಈಗ ಸಾಲು ಪೂರ್ತಿ ಆಯ್ತು."

ಪೂರ್ತಿ ಆಯಿತಂತೆ. ಅಲ್ಲಿ ನಾನು ಬೇಕೆಂದು ಬಿಟ್ಟದ್ದಲ್ಲ, ಮರೆತು ಬಿಟ್ಟದ್ದೂ ಅಲ್ಲ. ಆ ಸ್ವರಕ್ಕೆ ಕಿರುಬೆರಳು ಬೇಕು. ಅದು ಹೋಗುವುದಿಲ್ಲವಾದ್ದರಿಂದ ಉಂಗುರ ಬೆರಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಜಾರಿಸುತ್ತೇನೆ, ಸ್ವರ ತಡವಾಗಿ ಬಂದು ಸೇರುತ್ತದೆ. ಆ ಜಾರುವ ಹೊತ್ತಿಗೆ ಸರಿಯಾಗಿ ನಿರ್ದೇಶಕಿ ನರ್ತಕಿಯ ಕಾಲನ್ನು ಗಾಳಿಯಲ್ಲಿ ನಿಲ್ಲಿಸಿದಳು, ದಡವೂ ಅಲ್ಲದೆ ದೋಣಿಯೂ ಅಲ್ಲದೆ. ಇಡೀ ನಾಟಕದಲ್ಲಿ ಆ ಒಂದು ಕ್ಷಣಕ್ಕೇ ನಾವಿಬ್ಬರೂ ತಿಂಗಳುಗಟ್ಟಲೆ ಒದ್ದಾಡಿದ್ದು.

"ಅಲ್ಲೇ ಮೇಡಂ ತೊಂದರೆ ಆಗ್ತಿರೋದು," ಅಂದ ಅವನು. "ಕುಣಿಯೋ ಹುಡುಗಿ ಕಾಲು ದಿನಾ ಮುಂಚೆನೇ ಬೀಳುತ್ತೆ. ಅವಳ ತಪ್ಪು ಅಂತ ದಿನಾ ಬಯ್ತಿದಾರೆ. ನಿನ್ನೆ ಪಾಪ ಅತ್ತೇಬಿಟ್ಲು."

ಹಣ್ಣು ವಾಪಸು ಕೊಟ್ಟು ಕಳಿಸಿದೆ.

ಆಗಸ್ಟ್ ೧, ಶುಕ್ರವಾರ

ಬೀಳಲಿ. ಮೂವತ್ತನೇ ತಾರೀಕು ಮೊದಲ ಪ್ರದರ್ಶನ. ಸಾವಿರ ಜನರ ಎದುರಿಗೆ ಆ ಕಾಲು ದಢಾರನೆ ಮುಂಚೆ ಬೀಳಲಿ. ನಾನು ಕಡೆಯ ಸಾಲಿನಲ್ಲಿ ಕೂತು ನೋಡುತ್ತೇನೆ. ಯಾಕೆ ಹಾಳಾಯಿತು ಅಂತ ನಿರ್ದೇಶಕಿಗೆ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಅವಳಿಗೆ ಬೆರಳು ಮಡಚುವುದಿಲ್ಲ ಅಂತ ಗೊತ್ತು, ಆದರೆ ಆ ಸಾಲು ಯಾವ ಬೆರಳಿನದು ಅಂತ ಗೊತ್ತಿಲ್ಲ. ಕಾಲು ನೋಡುವವಳು ಕೈ ಯಾಕೆ ನೋಡುತ್ತಾಳೆ?

ಇದನ್ನು ಬರೆದಾಗ ಬಹಳ ಖುಷಿಯಾಯಿತು.

ಆಗಸ್ಟ್ ೨, ಶನಿವಾರ

ಖುಷಿ ನಿಲ್ಲಲಿಲ್ಲ. ಆ ನರ್ತಕಿ ನನಗೇನು ಮಾಡಿದ್ದಾಳೆ? ಮತ್ತೆ ಆ ಸಾಲು? ಅದು ಇನ್ನೊಬ್ಬರ ಹೆಸರಿನಲ್ಲಿದ್ದರೂ ನನ್ನದೇ. ಕೆಟ್ಟು ಕೂತರೆ ನನ್ನದೇ ಕೆಟ್ಟು ಕೂರುತ್ತದೆ.

ಆದರೆ ಬಾಯಿ ಬಿಟ್ಟರೆ ಸೆಪ್ಟೆಂಬರ್ ಹದಿನಾಲ್ಕು ಇಲ್ಲ. ಮೂವತ್ತೊಂದು ವರ್ಷದ ಕಛೇರಿಗಳೂ ಇನ್ನಿಲ್ಲ. ಹೆಸರು ಬೇಕಾದರೆ ಬೆರಳು ತೋರಿಸಬೇಕು, ಬೆರಳು ಮುಚ್ಚಬೇಕಾದರೆ ಹೆಸರು ಬಿಡಬೇಕು. ನುಂಗಲಾರೆ, ಉಗುಳಲಾರೆ.

ಆಗಸ್ಟ್ ೩, ಭಾನುವಾರ

ಡಾಕ್ಟರಮ್ಮ ಕರೆಯದೇ ಬಂದರು. ಪಿಟೀಲು ತೆಗೆಯದೆ ಎದುರಿಗೆ ಕೂತರು.

"ಟೀಚರ್, ಬಯ್ಬೇಡಿ. ನಿಮ್ಮ ಕಿರುಬೆರಳು ಎಷ್ಟು ದಿನದಿಂದ ಮಡಚ್ತಿಲ್ಲ?"

"ಯಾರ್ ಹೇಳಿದ್ರು?"

"ಯಾರೂ ಇಲ್ಲ. ಹಲ್ಲು ನೋವಿರೋರು ನನ್ನ ಮುಂದೆ ಬಂದು, ಏನೂ ಇಲ್ಲ ಡಾಕ್ಟ್ರೇ ಅಂತ ತುಟಿ ಬಿಗಿ ಹಿಡ್ಕೊಂಡು ನಗ್ತಾರೆ. ನೀವು ಫೆಬ್ರವರಿಯಿಂದ ಕೈನ ಹಾಗೇ ಹಿಡ್ಕೊಂಡಿದೀರಿ."

ಫೆಬ್ರವರಿಯಿಂದ ಗೊತ್ತಿದೆಯಂತೆ! ಆರು ತಿಂಗಳು ಇವರಿಗೆ 'ಕಿರುಬೆರಳು ಹಾಕಿ' ಅಂತ ಕೂಗಿದ್ದೇನೆ, ಇವರು ಪಾಪ ಒಂದು ಮಾತೂ ಆಡದೆ ಹಾಕುತ್ತ ಬಂದಿದ್ದಾರೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನನ್ನ ಬೆರಳು ಹಿಡಿದು ಅತ್ತ ಇತ್ತ ಆಡಿಸಿ ನೋಡಿದರು. "ನಾನು ಮೂಳೆ ಡಾಕ್ಟರಲ್ಲ. ಆದ್ರೂ ಇದು ಬಿಸಿನೀರಿಗೆ ಬಗ್ಗೋ ಆಸಾಮಿ ಅಲ್ಲ ಟೀಚರ್," ಅಂದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಎಷ್ಟು ಹೊತ್ತೋ. ಅವರು ಎದ್ದು ಹೋಗಿ ನಮ್ಮ ಅಡುಗೆಮನೆಯಲ್ಲಿ ತಾವೇ ಟೀ ಮಾಡಿದರು. ಸಕ್ಕರೆ ಡಬ್ಬ ಅಂತ ಉಪ್ಪಿನ ಡಬ್ಬಕ್ಕೆ ಕೈ ಹಾಕಿದ್ದರು. ಇಬ್ಬರೂ ಆ ಟೀ ಚೆಲ್ಲಿದೆವು.

ಆಮೇಲೆ ಪಾಠ ಮಾಡಿದೆವು. ಕಿರುಬೆರಳಿಲ್ಲದೆ ಜಾರಿಸುವ ಬಗೆ ಹೇಗೆ ಅಂತ ಕೇಳಿದರು. ತೋರಿಸಿದೆ. ಕೈಯನ್ನು ಸೆರಗಿನಿಂದ ಹೊರಗೆ ತೆಗೆಯದೆ ಹೇಗೆ ತೋರಿಸುವುದು?

ಆಗಸ್ಟ್ ೬, ಬುಧವಾರ

ಹೋದೆ. ಹೇಳಿದೆ. ಮುಗಿಯಿತು. ಮರೆಯುವ ಮೊದಲು ಎಲ್ಲ ಬರೆದಿಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಎದುರಿಗೆ ಇಡೀ ನಾಟಕ ಒಮ್ಮೆ ಕುಣಿದು ತೋರಿಸುವುದಿತ್ತು. ನಾನು ಪಿಟೀಲು ಹಿಡಿದು ಒಳಗೆ ಹೋದಾಗ ನಿರ್ದೇಶಕಿಯ ಮುಖ ಸುಣ್ಣವಾಯಿತು. ನನ್ನ ಹಳೆಯ ಕುರ್ಚಿಯ ಮೇಲೆ ಯಾರದೋ ಬಟ್ಟೆ ಬಿದ್ದಿತ್ತು. ಅದನ್ನು ಕೆಳಗಿಟ್ಟು ಕೂತೆ. ಯಾರೂ ಎದ್ದೇಳು ಅನ್ನಲಿಲ್ಲ.

ದೋಣಿಯ ಜಾಗ ಬಂತು. ಸ್ಪೀಕರಿನಲ್ಲಿ ಆ ತುಂಬಿಸಿದ ಸ್ವರ ಬಂದಿದ್ದೇ ನರ್ತಕಿಯ ಕಾಲು ಕೆಳಗೆ ಬಿತ್ತು. ನಿರ್ದೇಶಕಿ ಕೋಲನ್ನು ನೆಲಕ್ಕೆ ಕುಟ್ಟಿ, "ಮತ್ತೆ ಅದೇ! ಕಾಲಿಗೇನು ಕಲ್ಲು ಕಟ್ಕೊಂಡಿದೀಯಾ?" ಅಂತ ಕೂಗಿದಳು.

"ಅವಳ ತಪ್ಪಲ್ಲ. ಅದನ್ನ ನಿಲ್ಸಿ, ನಾನು ನುಡಿಸ್ತೀನಿ," ಅಂದೆ.

ನುಡಿಸಿದೆ. ಉಂಗುರ ಬೆರಳು ಜಾರುತ್ತ ಮೇಲೆ ಹೋಯಿತು, ನರ್ತಕಿಯ ಕಾಲು ಗಾಳಿಯಲ್ಲಿ ನಿಂತಿತು, ನಿಂತೇ ಇತ್ತು, ಸ್ವರ ಸೇರಿದಾಗ ದೋಣಿಗೆ ಇಳಿಯಿತು. ಕೋಣೆಯಲ್ಲಿ ಯಾರೋ 'ಅಬ್ಬಾ' ಅಂದರು. ಕೆಳಗಿನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು.

ಹತ್ತುಬೆರಳೇ ಮೊದಲು ಮಾತಾಡಿದ. "ಮೇಡಂ, ಅಲ್ಲಿ ಸ್ವರ ಯಾಕೆ ಬಿಟ್ಟಿದೀರಿ?"

ನಾನು ಎಡಗೈ ಎತ್ತಿ ಮುಷ್ಟಿ ಕಟ್ಟಿದೆ. ಮೂರು ಬೆರಳು ಮಡಚಿದವು. ನಾಲ್ಕನೆಯದು ನಿಂತಿತು.

"ಡಿಸೆಂಬರಿಂದ ಹೀಗೇ ಇದೆ. ಇದು ಆ ಸ್ವರಕ್ಕೆ ಹೋಗಲ್ಲ. ಅದಕ್ಕೇ ಜಾರಿಸಿದ್ದು. ನಾನು ಜಾರಿಸೋ ಹೊತ್ತಿಗೆ ಇವಳು ಆ ಹುಡುಗಿ ಕಾಲು ನಿಲ್ಸಿದ್ಲು. ಹತ್ತೂ ಬೆರಳು ಸರಿಯಾಗಿರೋರು ಯಾರೂ ಈ ಸಾಲನ್ನ ಹೀಗೆ ಕಟ್ಟಲ್ಲಪ್ಪ. ನೀನೇ ಹೇಳು, ನೀನು ಕಟ್ತಿದ್ಯಾ?"

"ಇಲ್ಲ ಮೇಡಂ," ಅಂದ. ಮ್ಯಾನೇಜರ್ ಕಡೆ ತಿರುಗಿ, "ಇದು ಇವರದೇ. ನಂದಲ್ಲ," ಅಂದ. ಅವನಿಗೆ ಅಂತಹ ಹೆಸರಿಟ್ಟದ್ದಕ್ಕೆ ನನಗೆ ಸ್ವಲ್ಪ ಬೇಜಾರಾಯಿತು.

ಮ್ಯಾನೇಜರ್ ಹತ್ತಿರ ಬಂದು ನನ್ನ ಕೈ ನೋಡಿದರು. "ಅಯ್ಯೋ, ಏನಾಯ್ತು ಮೇಡಂ ಇದಕ್ಕೆ?"

"ಬಾಗಿಲಿಗೆ ಸಿಕ್ತು."

"ಯಾವ ಬಾಗಿಲು?"

"ಇದೇ, ಈ ಮೆಟ್ಟಿಲ ಬಾಗಿಲು."

"ಯಾರು ಹಾಕಿದ್ದು?"

ಎಂಟು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು. ನಿರ್ದೇಶಕಿ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಚಿಕ್ಕವಳಿದ್ದಾಗ ಏನಾದರೂ ಒಡೆದರೆ ಹೀಗೇ ಎರಡೂ ಕೈ ಕಟ್ಟಿ ನಿಲ್ಲುತ್ತಿದ್ದಳು, ಒಡೆದದ್ದು ನಾನು ಅಂತ ನಾನೇ ಹೇಳುತ್ತಿದ್ದೆ.

"ಗಾಳಿಗೆ ಹಾಕ್ಕೊಂಡ್ತು," ಅಂದೆ.

ಅವಳು ಬಾಯಿ ತೆರೆಯುತ್ತಾಳೆ ಅಂದುಕೊಂಡೆ. 'ಗಾಳಿ ಅಲ್ಲ, ನಾನು' ಅನ್ನಲು ಎಷ್ಟು ಹೊತ್ತು ಬೇಕು? ಕಾದೆ. ತುಟಿ ಪಿಟಕ್ ಅನ್ನಲಿಲ್ಲ. ನೆಲ ನೋಡುತ್ತ ನಿಂತಳು. ಹೆಸರು ಕದ್ದದ್ದಕ್ಕಿಂತ ಆ ಮೌನ ನನ್ನನ್ನು ಹೆಚ್ಚು ಸುಟ್ಟಿತು.

ಪೆಟ್ಟಿಗೆ ಮುಚ್ಚಿ ಬಂದುಬಿಟ್ಟೆ. ಅವಳು ಮೆಟ್ಟಿಲವರೆಗೆ ಹಿಂದೆ ಬಂದು, "ಅಕ್ಕ, ನೀನು ಹೇಳ್ತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದಳು. ಯಾವುದನ್ನು ಹೇಳುತ್ತೇನೆ ಅಂತ ಕೇಳಲು ನಾನು ನಿಲ್ಲಲಿಲ್ಲ.

ಆಗಸ್ಟ್ ೭, ಗುರುವಾರ

ನಮ್ಮನೆಯವರಿಗೆ ಎಲ್ಲ ಹೇಳಿದೆ. ಊಟ ಮುಗಿಸಿ ಕೈ ತೊಳೆದು ಬಂದು, "ಅಲ್ವೇ, ಆ ಮೆಟ್ಟಿಲಿಗೆ ನಾಕೂ ಕಡೆ ಗೋಡೆ. ಒಂದು ಕಿಟಕಿ ಇಲ್ಲ. ಗಾಳಿ ಎಲ್ಲಿಂದ ಬಂತು?" ಅಂದರು.

"ಬಂತು," ಅಂದೆ.

"ಡಿಸೆಂಬರಲ್ಲೂ ನೀನು ಹೀಗೇ ಅಂದಿದ್ದೆ." ಕರಡು ತಿದ್ದುವವರ ಕಣ್ಣು. ಆದರೆ ಅದಕ್ಕೆ ಕೆಂಪು ಗೆರೆ ಎಳೆಯಲಿಲ್ಲ. ಟವೆಲು ಮಡಚಿಟ್ಟು ಹೋದರು.

ಯಾಕೆ ಗಾಳಿ ಅಂದೆ ಅಂತ ನನಗೂ ಗೊತ್ತಿಲ್ಲ. ಹುಚ್ಚು ನನಗೆ.

ಆಗಸ್ಟ್ ೧೮, ಸೋಮವಾರ

ಸುದ್ದಿ ಹಬ್ಬಲು ಹನ್ನೆರಡು ದಿನ ಹಿಡಿಯಿತು. ಸೆಪ್ಟೆಂಬರಿನ ಕಛೇರಿಯವರು ಫೋನ್ ಮಾಡಿದರು. "ಮೇಡಂ, ನೀವು ವಿಶ್ರಾಂತಿ ತಗೊಳ್ಳಿ. ನಿಮ್ಮ ಆರೋಗ್ಯ ಮುಖ್ಯ." ನನಗೆ ಯಾವ ರೋಗವೂ ಇಲ್ಲ ಅಂದೆ. "ಅದೇ ಮೇಡಂ, ವಿಶ್ರಾಂತಿ ತಗೊಳ್ಳಿ," ಅಂದರು. ಹಿಂದಿನ ಕಛೇರಿಗೆ 'ನಿಮ್ಮ ಸಂಯಮ ಅದ್ಭುತ' ಅಂತ ಕೈ ಮುಗಿದವರು ಇವರೇ. ಅವತ್ತೂ ಮೂರೇ ಬೆರಳು.

ಬಿಸಿನೀರಿನ ಪಾತ್ರೆ ತೊಳೆದು ಅಡುಗೆಮನೆಗೆ ವಾಪಸು ಇಟ್ಟೆ.

ಆಗಸ್ಟ್ ೩೦, ಶನಿವಾರ

ಪ್ರದರ್ಶನಕ್ಕೆ ಹೋಗುವುದಿಲ್ಲ ಅಂತ ಇದ್ದೆ. ಇವರು ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ಹೋದೆವು. ಗೋಡೆಯ ಪೋಸ್ಟರಿನಲ್ಲಿ ನನ್ನ ಹೆಸರಿತ್ತು. ಇವರು ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿ, "ಒಂದಕ್ಷರ ತಪ್ಪಿಲ್ಲ," ಅಂದರು. ನನಗೆ ಕುಣಿದಾಡುವಷ್ಟು ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಬಾಗಿಲಲ್ಲಿ ಜನ ತಳ್ಳುತ್ತಿದ್ದರು, ಪೂರ್ತಿ ನೋಡಲಾಗಲಿಲ್ಲ.

ವೇದಿಕೆ ಮೇಲೆ ನುಡಿಸಿದ್ದು ಹತ್ತುಬೆರಳೇ, ಆದರೆ ತಾನು ತುಂಬಿಸಿದ ಸ್ವರವನ್ನು ತೆಗೆದಿದ್ದಾನೆ. ಕಾಲು ಗಾಳಿಯಲ್ಲಿ ನಿಂತಾಗ ಇಡೀ ಸಭೆ ಉಸಿರು ಬಿಗಿಹಿಡಿಯಿತು. ಕೊನೆಗೆ ನಿರ್ದೇಶಕಿ ವೇದಿಕೆಗೆ ಬಂದು, "ಸಂಗೀತ ನನ್ನ ಅಕ್ಕನದು," ಅಂದಳು. ಎದ್ದು ನಿಂತೆ. ಜನ ಚಪ್ಪಾಳೆ ಹೊಡೆದರು. ಅವಳು ನನ್ನ ಕಡೆ ನೋಡಿದಳು. ನಾನು ದೀಪದ ಕಡೆ ನೋಡಿದೆ.

ಅವಳ ಕಾಲಿನ ಗಂಟು ಊದಿದೆ. ನಡೆಯುವಾಗ ಗೊತ್ತಾಯಿತು. ದಿನಾ ಎಣ್ಣೆ ಹಚ್ಚಿಕೋ ಅಂತ ಹೇಳುವವರು ಯಾರೂ ಇಲ್ಲವೇನೋ.

ಸೆಪ್ಟೆಂಬರ್ ೪, ಗುರುವಾರ

ಗೊಂಬೆಯಾಟದ ಮುದುಕ ಫೋನ್ ಮಾಡಿದ್ದ. ಹೊಸ ಆಟಕ್ಕೆ ಸಂಗೀತ ಬೇಕಂತೆ. "ನನ್ನ ಬೆರಳು ಹಾಳಾಗಿದೆ, ಗೊತ್ತಲ್ಲ?" ಅಂದೆ. "ನನ್ನ ಗೊಂಬೆಗೆ ಬೆರಳೇ ಇಲ್ವಲ್ಲ ತಾಯಿ," ಅಂದ. ಒಪ್ಪಿಕೊಂಡೆ.

ಸೆಪ್ಟೆಂಬರ್ ೧೪, ಭಾನುವಾರ

ಇವತ್ತು ನನ್ನ ಕಛೇರಿ ಇರಬೇಕಾಗಿತ್ತು. ನನ್ನ ಬದಲು ಯಾರೋ ಕೂತಿರುತ್ತಾರೆ. ಬೆಳಿಗ್ಗೆ ಅದನ್ನು ನೆನೆದು ಅಳಬೇಕು ಅಂತಲೇ ಎದ್ದೆ. ಆದರೆ ಎಂಟಕ್ಕೆ ಡಾಕ್ಟರಮ್ಮ ಬಂದರು, ಅವರ ಜಾರು ಇನ್ನೂ ಬೆಕ್ಕು ಜಾರಿಬಿದ್ದ ಹಾಗೇ ಇದೆ, ನಗುತ್ತ ಹೊತ್ತು ಹೋಯಿತು. ಹನ್ನೊಂದಕ್ಕೆ ಗೊಂಬೆಯಾಟದವನು ಬಂದ. ಹತ್ತು ದಿನ ಕಟ್ಟಿದ್ದನ್ನು ಅವನಿಗೆ ನುಡಿಸಿ ತೋರಿಸಿದೆ. ಇದರಲ್ಲಿ ಕಿರುಬೆರಳಿಗೆ ಕೆಲಸವೇ ಇಲ್ಲ, ಇದೆ ಅನ್ನುವ ನೆನಪೂ ಬರುವುದಿಲ್ಲ. ಮೂರು ಬೆರಳಿಗೆ ಇಷ್ಟು ದಾರಿ ಇದೆ ಅಂತ ಮೂವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ. ಎರಡನೇ ಭಾಗದಲ್ಲಿ ಗೊಂಬೆ ಮಾಳಿಗೆಯಿಂದ ಇಳಿದು ಬರುವುದಕ್ಕೆ ಒಂದು ಸಾಲಿದೆ, ಅದನ್ನು ನಾಲ್ಕು ರೀತಿ ಮಾಡಿ ನೋಡಿ ಐದನೆಯದನ್ನು ಇಟ್ಟುಕೊಂಡೆ.

ಮುದುಕ ಕಣ್ಣು ಮುಚ್ಚಿ ಕೇಳಿದ. "ಬಹಳ ಚೆನ್ನಾಗಿದೆ ತಾಯಿ. ಆದ್ರೆ ಪ್ರತಿ ಸಾಲು ಆದ್ಮೇಲೆ ನಾಲ್ಕು ಎಣಿಕೆ ಖಾಲಿ ಬರುತ್ತಲ್ಲ, ಅಲ್ಲಿ ನನ್ನ ಗೊಂಬೆ ಏನ್ ಮಾಡ್ಬೇಕು?"

"ಯಾವ ನಾಲ್ಕು ಎಣಿಕೆ?" ಅಂದೆ.

ಮತ್ತೆ ನುಡಿಸಿದೆ. ನಿಜ. ಸಾಲು ಮುಗಿಯುತ್ತದೆ, ಕಮಾನು ನಿಲ್ಲುತ್ತದೆ, ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮುಂದಿನ ಸಾಲು. ಮೊದಲಿನಿಂದ ಕೊನೆಯವರೆಗೆ ಹಾಗೇ. ತಂಗಿ ಕೋಲು ಕುಟ್ಟುವ ಜಾಗ ಅದು. ಅವಳನ್ನು ಬಿಟ್ಟು ಬಂದ ಮೇಲೆ ಕಟ್ಟಿದ ಮೊದಲ ಸಂಗೀತದಲ್ಲೂ ನನ್ನ ಕೈ ಅವಳಿಗೆ ಜಾಗ ಬಿಟ್ಟು ಕೂತಿದೆ.

"ಖಾಲಿ ಇದ್ರೆ ಜನ ಕೆಮ್ತಾರೆ," ಅಂದ ಅವನು. "ಅಲ್ಲಿ ಒಂದು ಗಂಟೆನೋ ತಮಟೆನೋ ಹಾಕಿ ತುಂಬಿಸ್ಲಾ?"

"ತುಂಬಿಸ್ಬೇಡಿ. ಹಾಗೇ ಇರ್ಲಿ," ಅಂದೆ.

ಯಾಕೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಗಾಳಿಗೆ ಅನ್ನುತ್ತಿದ್ದೆನೋ ಏನೋ.